ಹಾಡು ಸರಿ, ಹೆಸರು ತಪ್ಪು: ನಮ್ಮ ಭಾಗದ ಸಿಡಿ ಸಂಗ್ರಹಕ್ಕೆ ಪಿಕಾರ್ಡ್ ಎಷ್ಟು ಒದಗುತ್ತದೆ?

ವಿಮರ್ಶೆಗೆ ತೆಗೆದುಕೊಂಡದ್ದು ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್, ಅಂದರೆ ಹಾಡಿನ ಫೈಲುಗಳಿಗೆ ಮ್ಯೂಸಿಕ್‌ಬ್ರೇನ್ಜ್ ಎಂಬ ಅಂತರ್ಜಾಲ ಭಂಡಾರದಿಂದ ಹೆಸರು ತಂದು ಹಾಕುವ ತಂತ್ರಾಂಶ. ಅದರ ಜೊತೆಗೆ ಬೇಕಾಗುವವು ಎರಡು: ಸಿಡಿಯ ಹಾಡನ್ನು ಕಂಪ್ಯೂಟರಿಗೆ ಫೈಲಾಗಿ ಇಳಿಸುವ, ಅಂದರೆ ರಿಪ್ ಮಾಡುವ, ಎಕ್ಸಾಕ್ಟ್ ಆಡಿಯೊ ಕಾಪಿ (ಇಎಸಿ), ಮತ್ತು ಫೈಲಿನೊಳಗಿನ ಹೆಸರು-ವಿವರಗಳನ್ನು, ಅಂದರೆ ಟ್ಯಾಗುಗಳನ್ನು, ಕೈಯಿಂದ ತುಂಬಲು ಎಂಪಿ3ಟ್ಯಾಗ್. ವಿಂಡೋಸ್‌ನಲ್ಲಿ ಮನೆ ಬಳಕೆಗೆ ಮೂರೂ ಉಚಿತ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಸಿಡಿ ಡಬ್ಬಿ ತೆಗೆದರೆ ಒಂದೇ ಭಾಷೆಯ ಹಾಡು ಇರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದ ಪಕ್ಕದಲ್ಲೇ ಬಂದೇನವಾಜರ ಉರುಸಿನಲ್ಲಿ ಕೊಂಡ ಕವ್ವಾಲಿ, ಅದರಡಿಗೆ ಮರಾಠಿ ಅಭಂಗ, ತೆಲುಗು ಸಿನಿಮಾ ಹಾಡು, ಶರಣಬಸವೇಶ್ವರ ಜಾತ್ರೆಯಿಂದ ಬಂದ ಭಕ್ತಿಗೀತೆ, ಗಾಣಗಾಪುರದ ದತ್ತನ ಹಾಡು. ಇವನ್ನು ರಿಪ್ ಮಾಡಲು ಕುಳಿತರೆ ಧ್ವನಿ ಸರಿಯಾಗಿಯೇ ಬರುತ್ತದೆ, ಹೆಸರು ಮಾತ್ರ ಕೈಕೊಡುತ್ತದೆ. ವಚನದ ಸಿಡಿಗೆ ಎಲ್ಲಿಯದೋ ಜಾಝ್ ಆಲ್ಬಮ್ಮಿನ ಹೆಸರು ಅಂಟಿಕೊಳ್ಳುತ್ತದೆ. ಗಾಯಕರ ಜಾಗದಲ್ಲಿ ಕ್ಯಾಸೆಟ್ ಕಂಪನಿ ಬಂದು ಕೂರುತ್ತದೆ. ಕನ್ನಡ ಅಕ್ಷರಗಳು ಒಡೆದು ಗುರುತು ಸಿಗದಂತಾಗುತ್ತವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹೆಸರಾಂತ ಕಂಪನಿಗಳು ಅಚ್ಚು ಹಾಕಿಸಿದ ಸಿಡಿಗಳಿಗೆ, ದುಡ್ಡು ಕೊಡದೆ ಸಿಗುವ ಉಪಕರಣಗಳಲ್ಲಿ ಪಿಕಾರ್ಡ್‌ನಷ್ಟು ನಂಬಬಹುದಾದದ್ದು ಬೇರೆ ಇಲ್ಲ. ಜಾತ್ರೆ, ಉರುಸುಗಳಲ್ಲಿ ಮಾರುವ ಸಿಡಿಗಳಿಗೆ ಅದೊಂದರಿಂದಲೇ ಕೆಲಸ ಸಾಗದು, ಎಂಪಿ3ಟ್ಯಾಗ್ ಬೇಕೇ ಬೇಕು. ಎರಡಕ್ಕೂ ಮೊದಲು ರಿಪ್ ಮಾಡುವಾಗಲೇ ಲಾಗ್ ಫೈಲ್, ಅಂದರೆ ಆ ರಿಪ್‌ನ ವರದಿ, ಉಳಿಸಿಕೊಂಡಿರಬೇಕು. ಅದಿಲ್ಲದೆ ಹೋದರೆ ಮುಂದಿನ ಅರ್ಧ ಕೆಲಸ ಊಹೆಯ ಮೇಲೆಯೇ ನಡೆಯುತ್ತದೆ.

ತಪ್ಪು ಹುಟ್ಟುವುದು ಎಲ್ಲಿ

ಆಡಿಯೊ ಸಿಡಿಯೊಳಗೆ ಹಾಡಿನ ಹೆಸರೇ ಇಲ್ಲ. ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ ಸಿಡಿಯಲ್ಲಿರುವುದು ಧ್ವನಿ, ಮತ್ತು ಆರಂಭದಲ್ಲಿ ಒಂದು ಪುಟ್ಟ ಪರಿವಿಡಿ: ಎಷ್ಟು ಟ್ರ್ಯಾಕ್, ಯಾವುದು ಎಲ್ಲಿ ಶುರು, ಕೊನೆ ಎಲ್ಲಿ. ಅಳತೆ ಫ್ರೇಮಿನಲ್ಲಿ, ಸೆಕೆಂಡಿಗೆ 75 ಫ್ರೇಮ್. 1996ರಲ್ಲಿ ಸಿಡಿ-ಟೆಕ್ಸ್ಟ್ ಎಂಬ ಸೌಲಭ್ಯ ಸೇರಿತಾದರೂ ಅದರ ಅಕ್ಷರಪಟ್ಟಿಯಲ್ಲಿ ರೋಮನ್ ಮತ್ತು ಜಪಾನಿ ಇವೆ. ಕನ್ನಡ, ದೇವನಾಗರಿ, ಉರ್ದು ಇಲ್ಲ. ಹಾಗಾಗಿ ಸಿಡಿಯಲ್ಲೇ ಹೆಸರು ಬರೆದಿದ್ದರೂ ಅದು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ.

ಹೆಸರು ಬೇಕೆಂದರೆ ತಂತ್ರಾಂಶ ಆ ಪರಿವಿಡಿಯಿಂದ ಒಂದು ಸಂಖ್ಯೆ ಕಟ್ಟಿ, ಅಂತರ್ಜಾಲದ ಭಂಡಾರಕ್ಕೆ ಕಳಿಸಿ, ಅಲ್ಲಿ ಯಾರೋ ಹಿಂದೆ ಟೈಪ್ ಮಾಡಿಟ್ಟದ್ದನ್ನು ತರುತ್ತದೆ. ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಶುರುಮಾಡಿದ ಸಿಡಿಡಿಬಿ ಈ ಪದ್ಧತಿಯ ಮೂಲ. ಅದರ ಸಂಖ್ಯೆ ಎಂಟೇ ಅಂಕಿಯದು, ಹದಿನಾರರ ಲೆಕ್ಕದಲ್ಲಿ. ಮೊದಲ 2 ಅಂಕಿ ಟ್ರ್ಯಾಕುಗಳ ಆರಂಭದ ಸೆಕೆಂಡುಗಳಿಂದ ತೆಗೆದ ಒಂದು ತಾಳೆಮೊತ್ತ, ನಡುವಿನ 4 ಒಟ್ಟು ಸೆಕೆಂಡು, ಕೊನೆಯ 2 ಟ್ರ್ಯಾಕುಗಳ ಸಂಖ್ಯೆ. ಸಿನಿಮಾ ಹಾಡಿನ 12 ಟ್ರ್ಯಾಕುಗಳ ಸಿಡಿಗೆ ಇದು ತಕ್ಕಮಟ್ಟಿಗೆ ಸಾಕು. ಆದರೆ ಸುಪ್ರಭಾತ, ಸಹಸ್ರನಾಮ, ಪಾರಾಯಣದ ಸಿಡಿಗಳಲ್ಲಿ ಇರುವುದೇ ಒಂದೋ ಎರಡೋ ಉದ್ದನೆಯ ಟ್ರ್ಯಾಕ್. ಒಂದೇ ಟ್ರ್ಯಾಕ್ ಇದ್ದರೆ ಅದು ಸಾಮಾನ್ಯವಾಗಿ 2ನೇ ಸೆಕೆಂಡಿಗೆ ಶುರುವಾಗುತ್ತದೆ, ತಾಳೆಮೊತ್ತ ಯಾವಾಗಲೂ ಅದೇ ಆಗುತ್ತದೆ. ಉಳಿದದ್ದು ಒಟ್ಟು ಅವಧಿ ಮಾತ್ರ. ಜಗತ್ತಿನಲ್ಲಿ ಅಷ್ಟೇ ಸೆಕೆಂಡಿನ ಒಂದು ಟ್ರ್ಯಾಕಿನ ಸಿಡಿ ಯಾವುದಿದ್ದರೂ ಅದರ ಹೆಸರು ನಿಮ್ಮ ಸಹಸ್ರನಾಮಕ್ಕೆ ಬಂದು ಕೂರಬಹುದು. ಭಕ್ತಿ ಸಿಡಿಗಳಿಗೇ ಅಸಂಬದ್ಧ ಹೆಸರು ಹೆಚ್ಚಾಗಿ ಬರುವುದು ಈ ಕಾರಣಕ್ಕೆ.

ಇನ್ನೊಂದು ವಿಚಿತ್ರವೂ ಅಲ್ಲಿಂದಲೇ ಬಂದದ್ದು. ಸಿಡಿಡಿಬಿಯ ಮಾಹಿತಿಯನ್ನು ಮುಕ್ತವಾಗಿ ಹಂಚಲು ಹುಟ್ಟಿದ ಫ್ರೀಡಿಬಿಯಲ್ಲಿ ಇದ್ದದ್ದು 11 ವಿಭಾಗ ಮಾತ್ರ. ಒಂದು ವಿಭಾಗದಲ್ಲಿ ಒಂದು ಸಂಖ್ಯೆಗೆ ಒಂದೇ ನಮೂದು. ತನ್ನ ಸಿಡಿಯ ಸಂಖ್ಯೆ ಜಾನಪದ ವಿಭಾಗದಲ್ಲಿ ಬೇರೆಯವರ ಪಾಲಾಗಿದ್ದರೆ, ಸೇರಿಸುವವರು ಖಾಲಿ ಇದ್ದ ರೆಗ್ಗೆಗೋ ನ್ಯೂ ಏಜ್‌ಗೋ ಹಾಕಿಬಿಡುತ್ತಿದ್ದರು. ಅಕ್ಕನ ವಚನಕ್ಕೆ ಪ್ರಕಾರ ರೆಗ್ಗೆ ಎಂದು ಬಂದಿದ್ದರೆ ಬೆರಗಾಗಬೇಡಿ, ಅದು ಜಾಗ ಸಿಗದೆ ಅಲ್ಲಿ ಕುಳಿತದ್ದು. ಫ್ರೀಡಿಬಿ 2020ರಲ್ಲಿ ಮುಚ್ಚಿತು. ಅದರ ಮಾಹಿತಿ ಈಗ ಗ್ನುಡಿಬಿಯಲ್ಲಿ ಸಿಗುತ್ತದೆ, ತಪ್ಪುಗಳ ಸಮೇತ.

2000ದಲ್ಲಿ ರಾಬರ್ಟ್ ಕೇ ಶುರುಮಾಡಿದ ಮ್ಯೂಸಿಕ್‌ಬ್ರೇನ್ಜ್ ಇದನ್ನು ಬೇರೆ ರೀತಿ ಮಾಡುತ್ತದೆ. ಎಲ್ಲ ಟ್ರ್ಯಾಕುಗಳ ಆರಂಭವನ್ನು ಸೆಕೆಂಡಿನಲ್ಲಲ್ಲ, ಫ್ರೇಮಿನಲ್ಲೇ ತೆಗೆದುಕೊಂಡು 28 ಅಕ್ಷರಗಳ ಗುರುತು ಕಟ್ಟುತ್ತದೆ. ಸಂಬಂಧವಿಲ್ಲದ ಎರಡು ಸಿಡಿಗೆ ಒಂದೇ ಗುರುತು ಬೀಳುವ ಭಯ ಇಲ್ಲವೆಂದೇ ಹೇಳಬಹುದು. ತೊಂದರೆ ಇನ್ನೊಂದು ಕಡೆಯಿಂದ ಬರುತ್ತದೆ: ಅದೇ ಆಲ್ಬಮ್ಮನ್ನು ಕಂಪನಿ ಎರಡನೇ ಸಲ ಅಚ್ಚು ಹಾಕಿಸಿದಾಗ ಟ್ರ್ಯಾಕಿನ ಆರಂಭ ಹತ್ತು ಫ್ರೇಮ್ ಸರಿದಿದ್ದರೂ ಗುರುತು ಪೂರ್ತಿ ಬದಲು. ಅಂಗಡಿಯಲ್ಲಿ ಮಾಡಿಸಿದ ನಕಲು ಸಿಡಿಗೆ ಇದು ಇನ್ನೂ ಹೆಚ್ಚು. ಬರೆಯುವ ತಂತ್ರಾಂಶ ಟ್ರ್ಯಾಕುಗಳ ನಡುವೆ ತಾನಾಗಿಯೇ 2 ಸೆಕೆಂಡು, ಅಂದರೆ 150 ಫ್ರೇಮ್, ತುಂಬಿಬಿಟ್ಟಿರುತ್ತದೆ. ಮೂಲ ಸಿಡಿ ಭಂಡಾರದಲ್ಲಿದ್ದರೂ ನಕಲು ಸಿಗುವುದಿಲ್ಲ.

ಇಎಸಿ: ಲಾಗ್ ಇಲ್ಲದೆ ರಿಪ್ ಮಾಡಬೇಡಿ

ಮೊದಲು ಸಿಡಿ ಯಾವ ಬಗೆಯದು ಎಂದು ನೋಡಿ. ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದಾಗ 44 ಬೈಟಿನ ಸಿಡಿಎ ಫೈಲುಗಳು ಕಂಡರೆ ಆಡಿಯೊ ಸಿಡಿ, ರಿಪ್ ಮಾಡಬೇಕು. ಎಂಪಿ3 ಫೈಲುಗಳೇ ಕಂಡರೆ ರಿಪ್ ಬೇಡ, ನಕಲು ಮಾಡಿಕೊಂಡು ನೇರ ಟ್ಯಾಗ್ ಕೆಲಸಕ್ಕೆ ಹೋಗಿ. ಒಂದೇ ತಟ್ಟೆಯಲ್ಲಿ ನೂರು ಹಾಡು ಎಂದು ಮಾರುವ ಸಿಡಿಗಳೆಲ್ಲ ಈ ಎರಡನೇ ಬಗೆಯವು.

ಇಎಸಿಯಲ್ಲಿ ಎಫ್12 ಒತ್ತಿದರೆ ಮಾಹಿತಿ ಎಲ್ಲಿಂದ ತರಬೇಕು ಎಂಬ ಕಿಟಕಿ ತೆರೆಯುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಅಲ್ಲಿ ಇನ್ನೂ ಫ್ರೀಡಿಬಿಯ ವಿಳಾಸವೇ ಕೂತಿರುತ್ತದೆ, ಪ್ರತಿ ಸಲವೂ ಸಂಪರ್ಕ ಸಿಗಲಿಲ್ಲ ಎನ್ನುತ್ತದೆ. ಅದನ್ನು ಬಿಟ್ಟು ಕ್ಯೂಟೂಲ್ಸ್ ಡಿಬಿ ಮೆಟಾಡೇಟಾ ಪ್ಲಗಿನ್ ಆಯ್ದುಕೊಳ್ಳಿ, ಅದರ ಮೂಲಕ ಮ್ಯೂಸಿಕ್‌ಬ್ರೇನ್ಜ್ ಸಿಗುತ್ತದೆ. ಆಮೇಲೆ ಆಲ್ಟ್ ಮತ್ತು ಜಿ ಒತ್ತಿದರೆ ಮಾಹಿತಿ ಬರುತ್ತದೆ. ಒಂದಕ್ಕಿಂತ ಹೆಚ್ಚು ಬಂದರೆ ಪಟ್ಟಿ ತೋರಿಸುತ್ತದೆ. ಮೊದಲನೆಯದಕ್ಕೇ ಒಪ್ಪಿಗೆ ಒತ್ತಿಬಿಡುವುದೇ ಬಹುತೇಕ ತಪ್ಪುಗಳ ಬಾಗಿಲು. ಟ್ರ್ಯಾಕ್ ಸಂಖ್ಯೆ, ಮೊದಲ ಮತ್ತು ಕೊನೆಯ ಹಾಡಿನ ಹೆಸರನ್ನು ಡಬ್ಬಿಯೊಳಗಿನ ಕಾಗದದ ಜೊತೆ ತಾಳೆ ನೋಡಿ. ಒಂದೂ ಹೊಂದದಿದ್ದರೆ ಹೆಸರಿಲ್ಲದೆಯೇ ರಿಪ್ ಮಾಡಿ. ಟ್ರ್ಯಾಕ್01, ಟ್ರ್ಯಾಕ್02 ಎಂದು ಬಂದರೆ ಬರಲಿ. ಹೆಸರಿಲ್ಲದ ಫೈಲಿಗೆ ಸರಿಯಾದ ಹೆಸರು ಕೊಡುವುದು ಸುಲಭ, ತಪ್ಪು ಹೆಸರಿನ ಫೈಲನ್ನು ಆರು ತಿಂಗಳ ಮೇಲೆ ಗುರುತಿಸುವುದು ಕಷ್ಟ.

ಎಫ್9 ಒತ್ತಿ, ಟೂಲ್ಸ್ ಎಂಬ ಪುಟದಲ್ಲಿ, ರಿಪ್ ಮುಗಿದ ಮೇಲೆ ವರದಿಯನ್ನು ತಾನಾಗಿಯೇ ಬರೆಯುವ ಆಯ್ಕೆಗೆ ಟಿಕ್ ಹಾಕಿ. ಆ ಲಾಗ್ ಫೈಲಿನಲ್ಲಿ ಸಿಡಿಯ ಪರಿವಿಡಿ ಫ್ರೇಮ್ ಲೆಕ್ಕದ ಸಮೇತ ಇರುತ್ತದೆ. ಸಿಡಿ ಆಮೇಲೆ ಒಡೆದರೂ, ಯಾರಿಗೋ ಕೊಟ್ಟರೂ, ಏಪ್ರಿಲ್–ಮೇ ಬಿಸಿಲಿಗೆ ಕಿಟಕಿ ಪಕ್ಕ ಬಿದ್ದು ಹಾಳಾದರೂ, ಪಿಕಾರ್ಡ್ ಆ ಲಾಗ್‌ನಿಂದಲೇ ಸಿಡಿಯ ಗುರುತನ್ನು ಮತ್ತೆ ಕಟ್ಟಬಲ್ಲದು. ಹೊಸ ಆವೃತ್ತಿಗಳಲ್ಲಿ ಲುಕಪ್ ಸಿಡಿ ಗುಂಡಿಯ ಪಕ್ಕದ ಬಾಣದ ಗುರುತನ್ನು ಒತ್ತಿದರೆ, ಲಾಗ್ ಫೈಲಿನಿಂದ ಹುಡುಕುವ ಆಯ್ಕೆ ಸಿಗುತ್ತದೆ. ಇಎಸಿಯನ್ನು ಇಲ್ಲಿ ಮೆಚ್ಚಬೇಕಾದ ಮುಖ್ಯ ಕಾರಣ ಇದೇ.

ಪಿಕಾರ್ಡ್ ಕೈಗೆ ಬಂದಾಗ

ಪಿಕಾರ್ಡ್ ತೆರೆದರೆ ಎಡಕ್ಕೆ ನಿಮ್ಮ ಫೈಲುಗಳು, ಬಲಕ್ಕೆ ಭಂಡಾರದಿಂದ ಬಂದ ಆಲ್ಬಮ್, ಕೆಳಗೆ ಎರಡು ಕಾಲಮ್: ಈಗ ಇರುವ ಹೆಸರು, ಹಾಕಬೇಕೆಂದಿರುವ ಹೆಸರು. ಈ ಕೆಳಗಿನ ಕಾಲಮ್ಮೇ ಪಿಕಾರ್ಡ್‌ನ ಜೀವಾಳ. ಸೇವ್ ಒತ್ತುವವರೆಗೂ ಫೈಲಿನಲ್ಲಿ ಏನೂ ಬದಲಾಗುವುದಿಲ್ಲ, ಏನು ಬದಲಾಗಲಿದೆ ಎಂಬುದು ಕಣ್ಣೆದುರೇ ಇರುತ್ತದೆ. ಬದಲಿಸಿ ಆಮೇಲೆ ತೋರಿಸುವ ತಂತ್ರಾಂಶಗಳ ನಡುವೆ ಇದು ದೊಡ್ಡ ನೆಮ್ಮದಿ.

ಹೊಸಬರು ತಪ್ಪುವುದು ಸ್ಕ್ಯಾನ್ ಗುಂಡಿಯಲ್ಲಿ. ಸ್ಕ್ಯಾನ್ ಒತ್ತಿದರೆ ಅದು ಪ್ರತಿ ಹಾಡಿನ ಧ್ವನಿಯನ್ನೇ ಅಳೆದು, ಅಕೌಸ್ಟ್‌ಐಡಿ ಎಂಬ ಭಂಡಾರದಲ್ಲಿ ಹುಡುಕುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕನ್ನಡ ಸಿನಿಮಾ ಹಾಡೊಂದು ಮೂಲ ಸಿನಿಮಾದ ಸಿಡಿಯಲ್ಲಿರುತ್ತದೆ, ಅದೇ ಧ್ವನಿಮುದ್ರಣ ಗಾಯಕರ ಆಯ್ದ ಹಾಡುಗಳಲ್ಲಿ, ದಶಕದ ಹಾಡುಗಳಲ್ಲಿ, ಪ್ರೇಮಗೀತೆಗಳಲ್ಲಿ, ಇನ್ನಾವುದೋ ಸಂಕಲನದಲ್ಲಿಯೂ ಇರುತ್ತದೆ. ಸ್ಕ್ಯಾನ್‌ಗೆ ಗೊತ್ತಾಗುವುದು ಹಾಡು, ಸಿಡಿ ಅಲ್ಲ. ಒಂದೇ ಸಿಡಿಯ 12 ಹಾಡು ಐದಾರು ಆಲ್ಬಮ್ಮಿಗೆ ಹಂಚಿಹೋಗುತ್ತವೆ. ಸೇವ್ ಮಾಡಿದರೆ ಫೋಲ್ಡರುಗಳೂ ಚದುರುತ್ತವೆ.

ಸಿಡಿಯಿಂದ ಬಂದ ಫೈಲುಗಳಿಗೆ ಕ್ರಮ ಬೇರೆ. ಸಿಡಿ ಡ್ರೈವಿನಲ್ಲಿರುವಾಗಲೇ ಲುಕಪ್ ಸಿಡಿ ಒತ್ತಿ, ಅಥವಾ ಲಾಗ್‌ನಿಂದ ಹುಡುಕಿ. ಆಲ್ಬಮ್ ಬಲಕ್ಕೆ ಬಂದ ಮೇಲೆ ಎಡದಲ್ಲಿರುವ ಫೋಲ್ಡರನ್ನು ಎಳೆದು ಆ ಆಲ್ಬಮ್ಮಿನ ಮೇಲೆ ಬಿಡಿ. ಪ್ರತಿ ಟ್ರ್ಯಾಕಿನ ಪಕ್ಕ ಪುಟ್ಟ ಬಣ್ಣದ ಚೌಕ ಬರುತ್ತದೆ. ಹಸಿರು ಎಂದರೆ ಹೊಂದಿದೆ, ಕೆಂಪಿನ ಕಡೆ ವಾಲಿದರೆ ಹೊಂದಿಲ್ಲ. ಫೈಲುಗಳಿಗೆ ಹೆಸರೇ ಇಲ್ಲದಿದ್ದರೆ ಬಣ್ಣ ಅಷ್ಟು ಹಸಿರಾಗಿರುವುದಿಲ್ಲ, ಅದಕ್ಕೆ ಗಾಬರಿ ಬೇಡ; ಆಗ ಅವಧಿ ನೋಡಿ. ನಿಮ್ಮ ಫೈಲು 6 ನಿಮಿಷ 12 ಸೆಕೆಂಡು, ಭಂಡಾರದ್ದು 6:13 ಇದ್ದರೆ ಸರಿ. 6:12ಕ್ಕೆ 4:50 ಎದುರಾದರೆ ಕ್ರಮಸಂಖ್ಯೆ ಸರಿದಿದೆ ಇಲ್ಲವೇ ಸಿಡಿಯೇ ಬೇರೆ. ಎಲ್ಲ ಟ್ರ್ಯಾಕುಗಳಿಗೂ ಫೈಲು ಸಿಕ್ಕಾಗ ಆಲ್ಬಮ್ಮಿನ ತಟ್ಟೆ ಚಿತ್ರ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಹೆಸರು ಸರಿ, ಆದರೆ ವರ್ಷವೋ ಕಂಪನಿಯೋ ಬೇರೆ ಎನಿಸಿದರೆ ಆಲ್ಬಮ್ಮಿನ ಮೇಲೆ ಬಲ ಕ್ಲಿಕ್ ಮಾಡಿ ಇತರ ಆವೃತ್ತಿಗಳ ಪಟ್ಟಿ ತೆಗೆಯಿರಿ.

ಎರಡು ಸಿಡಿಗಳ ಜೋಡಿಯಲ್ಲಿ ಆಗುವ ತಪ್ಪು ಎಂದರೆ ಒಂದೊಂದಕ್ಕೂ ಬೇರೆ ಆಲ್ಬಮ್ ಹೆಸರು: ಹೆಸರಿನ ಕೊನೆಗೆ ಭಾಗ 1, ಭಾಗ 2 ಎಂದು ಸೇರಿಸುವುದು. ಹೆಸರು ಒಂದೇ ಇರಲಿ, ಡಿಸ್ಕ್ ಸಂಖ್ಯೆಯ ಜಾಗದಲ್ಲಿ 1 ಮತ್ತು 2 ಬರಲಿ. ಮೊದಲ ಸಿಡಿಯ 1ನೇ ಹಾಡು ಮುಗಿದ ಮೇಲೆ ಎರಡನೇ ಸಿಡಿಯ 1ನೇ ಹಾಡು ಬರುವ ಗೋಜಲು ಇದರಿಂದ ತಪ್ಪುತ್ತದೆ.

ಹಲವು ಗಾಯಕರಿರುವ ಸಿಡಿಯಲ್ಲಿ ಮುಖ್ಯವಾದದ್ದು ಆಲ್ಬಮ್ ಕಲಾವಿದರು ಎಂಬ ಪ್ರತ್ಯೇಕ ಜಾಗ. ಅದು ಖಾಲಿ ಇದ್ದರೆ ಫೋನಿನ ಪ್ಲೇಯರ್ ಒಂದೇ ಸಿಡಿಯನ್ನು ಗಾಯಕರಿಗೊಂದರಂತೆ ಎಂಟು ಆಲ್ಬಮ್ ಮಾಡಿ ತೋರಿಸುತ್ತದೆ. ಪಿಕಾರ್ಡ್ ಅಲ್ಲಿ ತಾನಾಗಿಯೇ ವೇರಿಯಸ್ ಆರ್ಟಿಸ್ಟ್ಸ್ ಎಂದು ಹಾಕುತ್ತದೆ. ಆಪ್ಷನ್ಸ್‌ನ ಮೆಟಾಡೇಟಾ ಪುಟದಲ್ಲಿ ಅದನ್ನು 'ವಿವಿಧ ಗಾಯಕರು' ಎಂದು ಬದಲಿಸಿಕೊಳ್ಳಬಹುದು. ಅದೇ ಪುಟದಲ್ಲಿ ಕಲಾವಿದರ ಹೆಸರನ್ನು ಬೇಕಾದ ಭಾಷೆಗೆ ತರುವ ಆಯ್ಕೆಯೂ ಇದೆ. ಆ ಕಲಾವಿದರಿಗೆ ಭಂಡಾರದಲ್ಲಿ ಕನ್ನಡದ ಹೆಸರನ್ನು ಯಾರಾದರೂ ಸೇರಿಸಿದ್ದರೆ ಮಾತ್ರ ಅದು ಕನ್ನಡದಲ್ಲಿ ಬರುತ್ತದೆ, ಇಲ್ಲದಿದ್ದರೆ ಇದ್ದ ಹಾಗೆ.

ಒಂದು ಕುಂದು: ಮ್ಯೂಸಿಕ್‌ಬ್ರೇನ್ಜ್ ಸರ್ವರ್ ಸೆಕೆಂಡಿಗೆ ಸುಮಾರು ಒಂದು ವಿನಂತಿಗೆ ಮಾತ್ರ ಉತ್ತರ ಕೊಡುತ್ತದೆ. ಸಂಗ್ರಹ ಪೂರ್ತಿ ಒಮ್ಮೆಲೇ ಸುರಿದರೆ ಪಿಕಾರ್ಡ್ ತೆವಳುತ್ತದೆ, ತಪ್ಪುಗಳನ್ನು ನೋಡುವ ತಾಳ್ಮೆಯೂ ನಿಮಗೆ ಉಳಿಯುವುದಿಲ್ಲ. ಹತ್ತು ಆಲ್ಬಮ್ಮಿನಂತೆ ಹಾಕಿ, ಮುಗಿಸಿ, ಮುಂದಕ್ಕೆ ಹೋಗಿ. ಇನ್ನು ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆಗಿದ್ದರೆ ಸೇವ್ ಮಾಡುವ ಮೊದಲು ಫೋಲ್ಡರಿನ ನಕಲು ಬೇರೆ ಕಡೆ ಇಟ್ಟುಕೊಳ್ಳಿ. ಫೈಲು ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಹಾಡು ಕೆಡಬಹುದು.

ಕನ್ನಡ ಅಕ್ಷರ ಒಡೆಯುವ ಜಾಗಗಳು

ಪಿಕಾರ್ಡ್ ಕನ್ನಡವನ್ನು ಚೆನ್ನಾಗಿಯೇ ನಿಭಾಯಿಸುತ್ತದೆ, ಮೂರು ಆಯ್ಕೆ ಸರಿಯಾಗಿದ್ದರೆ.

ಆಪ್ಷನ್ಸ್‌ನ ಫೈಲ್ ನೇಮಿಂಗ್ ಪುಟದಲ್ಲಿ ಆಸ್ಕಿ (ಸಾದಾ ಇಂಗ್ಲಿಷ್ ಅಕ್ಷರಪಟ್ಟಿ) ಅಲ್ಲದ ಅಕ್ಷರಗಳನ್ನು ಬದಲಿಸು ಎಂಬ ಅರ್ಥದ ಒಂದು ಟಿಕ್ ಇದೆ. ಪಾಶ್ಚಾತ್ಯ ಹೆಸರುಗಳಲ್ಲಿ ಅದು ಅಕ್ಷರದ ಮೇಲಿನ ಗೀಟು ತೆಗೆಯುತ್ತದೆ, ಅಷ್ಟೇ. ಕನ್ನಡಕ್ಕೆ ಅದನ್ನು ಹಾಕಿದರೆ ಹೆಸರಿನ ಜಾಗದಲ್ಲಿ ಬರೀ ಅಡಿಗೆರೆಗಳ ಸಾಲು ಉಳಿಯುತ್ತದೆ. ಟಿಕ್ ತೆಗೆಯಿರಿ. ಎರಡನೆಯದು ಐಡಿ3, ಅಂದರೆ ಎಂಪಿ3 ಫೈಲಿನ ಟ್ಯಾಗ್ ಪದ್ಧತಿಯ ಪುಟ. ಹಳೆಯ ಕಾರ್ ಸ್ಟೀರಿಯೊಗಳಿಗಾಗಿ 2.3 ಆವೃತ್ತಿ ಆಯ್ದರೆ, ಅದರ ಜೊತೆ ಕನ್ನಡವನ್ನೂ ಹಿಡಿಸುವ ಯುಟಿಎಫ್-16 ಎಂಬ ಅಕ್ಷರ ಸಂಕೇತವನ್ನೇ ಆಯ್ಕೆ ಮಾಡಿ. ಪಕ್ಕದಲ್ಲಿರುವ ಐಎಸ್‌ಒ ಆಯ್ಕೆಯಲ್ಲಿ ಕನ್ನಡ ಇಲ್ಲವೇ ಇಲ್ಲ, ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ ಆಗುತ್ತದೆ. ಮೂರನೆಯದು ಅದೇ ಪುಟದಲ್ಲಿ ಹಳೆಯ ಐಡಿ3ವಿ1 ಟ್ಯಾಗನ್ನೂ ಸೇರಿಸುವ ಟಿಕ್. ಆ ಪದ್ಧತಿಯಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಜಾಗ, ಕನ್ನಡ ಅಲ್ಲಿ ಉಳಿಯುವುದಿಲ್ಲ. ಅದನ್ನೂ ತೆಗೆಯಿರಿ. ಧ್ವನಿ ಒಂದಿಷ್ಟೂ ಕಳೆಯದೆ ಉಳಿಸುವ ಫ್ಲ್ಯಾಕ್ ಫೈಲುಗಳಿಗೆ ಈ ಯಾವ ತಲೆನೋವೂ ಇಲ್ಲ, ಅದರ ಟ್ಯಾಗ್ ಯಾವಾಗಲೂ ಯುಟಿಎಫ್-8. ಸಂಗ್ರಹಕ್ಕೆ ಫ್ಲ್ಯಾಕ್, ಪೆನ್‌ಡ್ರೈವಿಗೆ ಎಂಪಿ3 ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಈಗಾಗಲೇ ಒಡೆದಿರುವುದನ್ನು ಹೇಗೆ ಓದಬೇಕು ಎಂಬುದೂ ಗೊತ್ತಿರಲಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇದ್ದರೆ ಮೂಲ ಹೆಸರು ಅಳಿದುಹೋಗಿದೆ, ಯಾವ ತಂತ್ರಾಂಶವೂ ಮರಳಿ ತರಲಾರದು. ಅದರ ಬದಲು ತಲೆಯ ಮೇಲೆ ಗೀಟಿರುವ ಸಣ್ಣ ರೋಮನ್ 'ಎ', ಅದರ ಬೆನ್ನಿಗೇ ಮೇಲಕ್ಕೇರಿದ ಪುಟ್ಟ 2 ಅಥವಾ 3, ಆಮೇಲೊಂದು ಗುರುತು, ಮತ್ತೆ ಅದೇ 'ಎ' ಎಂದು ಮೂರು ಮೂರರ ಗುಂಪು ಕಂಡರೆ ಅದು ಕನ್ನಡವೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಪಾಶ್ಚಾತ್ಯ ಅಕ್ಷರಪಟ್ಟಿಯಲ್ಲಿ ಓದಿದಾಗ ಅವು ಹೀಗೆ ಕಾಣುತ್ತವೆ. ಬೈಟುಗಳು ಉಳಿದಿರುವುದರಿಂದ ಹೆಸರು ಮರಳಿ ಸಿಗುವ ಸಾಧ್ಯತೆ ಇದೆ. ಆದರೆ ಪೂರ್ತಿ ನಂಬಬೇಡಿ: ಕ್, ತ್‌ಗಳಲ್ಲಿ ಬರುವ ಅರ್ಧಾಕ್ಷರದ ಗುರುತಿನ ಮೂರನೇ ಬೈಟಿಗೆ ಆ ಪಟ್ಟಿಯಲ್ಲಿ ಅಕ್ಷರವೇ ಇಲ್ಲ. ಕೆಲವು ತಂತ್ರಾಂಶಗಳು ಅದನ್ನು ನುಂಗಿಬಿಡುತ್ತವೆ, ಮರಳಿ ಬಂದ ಹೆಸರಿನಲ್ಲಿ ಒತ್ತಕ್ಷರ ಕಳೆದಿರುತ್ತದೆ. ಹತ್ತು ಹಾಡಿನ ಸಿಡಿಯಾದರೆ ಮತ್ತೆ ಟೈಪ್ ಮಾಡುವುದೇ ಬೇಗ.

ಟೈಪ್ ಮಾಡುವಾಗ ನುಡಿ ಅಥವಾ ಬರಹ ಬಳಸುವವರು ಯುನಿಕೋಡ್ ವಿಧಾನದಲ್ಲೇ ಇರಬೇಕು. ಡಿಟಿಪಿ ಅಂಗಡಿಗಳಲ್ಲಿ ನಡೆಯುವ ಹಳೆಯ ಆಸ್ಕಿ ವಿಧಾನದಲ್ಲಿ ಹೊಡೆದ ಹೆಸರು ಆ ಫಾಂಟ್ ಇರುವ ಕಡೆ ಮಾತ್ರ ಕನ್ನಡ, ಫೋನಿನಲ್ಲಿ ಇಂಗ್ಲಿಷ್ ಅಕ್ಷರದ ಕಸ. ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ ತೊಡಕಿದೆ. ರಾಜ್‌ಕುಮಾರ್ ಎಂದು ಬರೆಯುವಾಗ ಜ್ ಮತ್ತು ಕು ಬೇರೆ ನಿಲ್ಲಲು ನಡುವೆ ಒಂದು ಅದೃಶ್ಯ ಅಕ್ಷರ ಹಾಕಬೇಕು. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ರಾಜಕುಮಾರ್ ಎಂದೋ ರಾಜ್ ಕುಮಾರ್ ಎಂದು ಜಾಗ ಬಿಟ್ಟೋ ಬರೆದಿರುತ್ತಾರೆ. ಪ್ಲೇಯರಿಗೆ ಇವರು ಮೂವರು ಗಾಯಕರು. ಮನ್ಸೂರ, ಮನ್ಸೂರ್, ಪಂ. ಸೇರಿಸಿದ್ದು, ಬಿಟ್ಟದ್ದು, ಹೀಗೆ ಹಿಂದೂಸ್ತಾನಿ ಸಿಡಿಗಳಲ್ಲೂ ಇದೇ ಪಾಡು. ಒಂದು ರೂಪ ಆಯ್ದುಕೊಂಡು ಎಲ್ಲ ಕಡೆ ಅದನ್ನೇ ನಕಲಿಸಿ ಅಂಟಿಸಿ. ಪ್ರತಿ ಸಲ ಹೊಸದಾಗಿ ಟೈಪ್ ಮಾಡಬೇಡಿ.

ಉರ್ದು ಕವ್ವಾಲಿಗಳಿಗೆ ಹಾಡಿನ ಹೆಸರು ಉರ್ದುವಿನಲ್ಲಿ ಇರಲಿ, ಫೈಲಿನ ಹೆಸರು ರೋಮನ್‌ನಲ್ಲಿ ಇರಲಿ. ಎಡದಿಂದ ಬರುವ ಟ್ರ್ಯಾಕ್ ಸಂಖ್ಯೆಯೂ ಬಲದಿಂದ ಬರುವ ಹೆಸರೂ ಒಂದೇ ಸಾಲಿನಲ್ಲಿ ಕೂಡಿದರೆ ವಿಂಡೋಸ್‌ನಲ್ಲಿ ಹಿಂದುಮುಂದಾಗಿ ಕಾಣುತ್ತದೆ.

ಜಾತ್ರೆ ಸಿಡಿಗೆ ಎಂಪಿ3ಟ್ಯಾಗ್

ಹುಮನಾಬಾದಿನ ವೀರಭದ್ರನ ಜಾತ್ರೆಯಲ್ಲೋ ಮೈಲಾಪುರದಲ್ಲೋ ಕೊಂಡ ಸಿಡಿ ಯಾವ ಭಂಡಾರದಲ್ಲೂ ಸಿಗದಿರುವುದೇ ಹೆಚ್ಚು. ಪಿಕಾರ್ಡ್‌ನಲ್ಲೂ ಕೈಯಿಂದ ತುಂಬಬಹುದು, ಆದರೆ ಒಂದೊಂದೇ ಹಾಡು ತೆರೆದು ತುಂಬುವುದು ಬೇಸರದ ಕೆಲಸ. ಫ್ಲೋರಿಯನ್ ಹೈಡೆನ್‌ರೀಕ್ ಅವರ ಎಂಪಿ3ಟ್ಯಾಗ್ ಇಲ್ಲಿ ಬಹಳ ಮುಂದಿದೆ, ಅದರಲ್ಲೂ ಪಠ್ಯ ಫೈಲಿನಿಂದ ಟ್ಯಾಗ್ ಮಾಡುವ ಸೌಲಭ್ಯ.

ನೋಟ್‌ಪ್ಯಾಡಿನಲ್ಲಿ ಸಾಲಿಗೊಂದರಂತೆ ಹಾಡಿನ ಹೆಸರು, ಒಂದು ಉದ್ದಗೆರೆ, ಆಮೇಲೆ ರಚನೆಕಾರರ ಹೆಸರು ಬರೆಯಿರಿ. ಯುಟಿಎಫ್-8 ಆಗಿ ಉಳಿಸಿ. ಎಂಪಿ3ಟ್ಯಾಗ್‌ನಲ್ಲಿ ಫೋಲ್ಡರ್ ತೆರೆದು, ಫೈಲಿನ ಹೆಸರಿನ ಕಾಲಮ್ ಒತ್ತಿ ಕ್ರಮಕ್ಕೆ ತಂದು, ಎಲ್ಲವನ್ನೂ ಆಯ್ಕೆ ಮಾಡಿ. ಕನ್ವರ್ಟ್ ಪಟ್ಟಿಯಿಂದ ಟೆಕ್ಸ್ಟ್ ಫೈಲ್‌ನಿಂದ ಟ್ಯಾಗ್ ಎಂಬುದನ್ನು ತೆಗೆದು ನಿಮ್ಮ ಫೈಲ್ ತೋರಿಸಿ. ನಮೂನೆಯ ಜಾಗದಲ್ಲಿ ಟೈಟಲ್ ಮತ್ತು ಲಿರಿಸಿಸ್ಟ್ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ, ಒಂದೊಂದರ ಎರಡೂ ಬದಿಗೆ ಶೇಕಡಾ ಚಿಹ್ನೆ ಇಟ್ಟು, ನಡುವೆ ಅದೇ ಉದ್ದಗೆರೆ ಹಾಕಿ ಬರೆಯಿರಿ. ಮುನ್ನೋಟ ಕಾಣುತ್ತದೆ. ನಡುವೆ ಒಂದು ಖಾಲಿ ಸಾಲು ಉಳಿದಿದ್ದರೆ ಅಲ್ಲಿಂದ ಮುಂದಕ್ಕೆ ಎಲ್ಲ ಹೆಸರೂ ಒಂದೊಂದು ಹಾಡು ಸರಿಯುತ್ತವೆ. ಆದ್ದರಿಂದ ಮೊದಲ ಹಾಡಿನ ಜೊತೆ ಕೊನೆಯದನ್ನೂ ನೋಡಿಯೇ ಒಪ್ಪಿಗೆ ಕೊಡಿ. ತಪ್ಪಿದರೆ ಕಂಟ್ರೋಲ್ ಮತ್ತು ಜೆಡ್ ಒತ್ತಿದರೆ ಹಿಂದಕ್ಕೆ ಬರುತ್ತದೆ. ಟ್ರ್ಯಾಕ್ ಸಂಖ್ಯೆಗಳಿಗೆ ಕಂಟ್ರೋಲ್ ಮತ್ತು ಕೆ. ಅದು ಪಟ್ಟಿಯಲ್ಲಿ ಕಾಣುವ ಕ್ರಮದಲ್ಲೇ ಸಂಖ್ಯೆ ಹಾಕುತ್ತದೆ, ಹಾಗಾಗಿ ಕ್ರಮ ಮೊದಲು ಸರಿಯಾಗಿರಲಿ.

ಡಬ್ಬಿಯ ಕಾಗದವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕ್ಯಾಸೆಟ್ ಕಾಲದ ಪಟ್ಟಿಯನ್ನೇ ಮರುಮುದ್ರಿಸಿ, ಸಿಡಿಯಲ್ಲಿ ಕ್ರಮ ಬೇರೆ ಇರುವುದುಂಟು. ಪ್ರತಿ ಹಾಡಿನ ಮೊದಲ ಸಾಲನ್ನಾದರೂ ಕೇಳಿ. ವಚನಗಳಾದರೆ ಕೊನೆಯ ಸಾಲು ಇನ್ನೂ ಹೆಚ್ಚಿನ ಕೆಲಸಕ್ಕೆ ಬರುತ್ತದೆ. ಕಾಗದದಲ್ಲಿ ವಚನಕಾರರ ಹೆಸರಿಲ್ಲದಿದ್ದರೂ ಅಂಕಿತ ಹೇಳಿಬಿಡುತ್ತದೆ: ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ಗುಹೇಶ್ವರ ಎಂದರೆ ಅಲ್ಲಮಪ್ರಭು. ಬಸವಕಲ್ಯಾಣದ ಸೀಮೆಯವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಸಿಡಿಗಳ ಮಾಹಿತಿಯಲ್ಲಿ ಅತಿ ಹೆಚ್ಚು ತಪ್ಪಿರುವ ಜಾಗ ಇದೇ: ಹಾಡಿದವರನ್ನೇ ರಚನೆಕಾರರ ಜಾಗದಲ್ಲೂ ಹಾಕಿರುತ್ತಾರೆ, ಇಲ್ಲವೇ ಬಸವಣ್ಣನವರನ್ನು ಗಾಯಕರ ಜಾಗದಲ್ಲಿ ಕೂರಿಸಿರುತ್ತಾರೆ. ಕಲಾವಿದರ ಜಾಗಕ್ಕೆ ಹಾಡಿದವರು, ಕಂಪೋಸರ್ ಜಾಗಕ್ಕೆ ರಾಗ ಸಂಯೋಜಿಸಿದವರು, ಲಿರಿಸಿಸ್ಟ್ ಜಾಗಕ್ಕೆ ವಚನಕಾರರು. ಹಿಂದೂಸ್ತಾನಿ ಸಿಡಿಯಾದರೆ ರಾಗದ ಹೆಸರನ್ನು ಹಾಡಿನ ಹೆಸರಿನ ಮೊದಲಿಗೇ ಇಟ್ಟರೆ ಹುಡುಕುವಾಗ ಒಂದು ರಾಗದ್ದೆಲ್ಲ ಒಂದೇ ಕಡೆ ಸಿಗುತ್ತದೆ.

ಹೀಗೆ ಕೈಯಿಂದ ತುಂಬಿದ ರಚನೆಕಾರರ ಹೆಸರನ್ನು ಪಿಕಾರ್ಡ್ ಆಮೇಲೆ ಅಳಿಸದಂತೆ ನೋಡಿಕೊಳ್ಳಿ. ಅದರ ಟ್ಯಾಗ್ಸ್ ಪುಟದಲ್ಲಿ ಮುಟ್ಟಬಾರದ ಟ್ಯಾಗುಗಳ ಪಟ್ಟಿ ಬರೆಯುವ ಜಾಗವಿದೆ. ಲಿರಿಸಿಸ್ಟ್ ಅನ್ನು ಅಲ್ಲಿ ಸೇರಿಸಿ.

ಬೇರೆ ಆಯ್ಕೆಗಳು

ಡಿಬಿಪವರ್‌ಆಂಪ್ ದುಡ್ಡಿನದು. ಹಲವು ಭಂಡಾರಗಳ ಉತ್ತರವನ್ನು ಒಟ್ಟಿಗೆ ತಂದು ಹೋಲಿಸುತ್ತದೆ, ಇಂಗ್ಲಿಷ್ ಹಿಂದಿ ಸಿಡಿಗಳು ಬಹಳವಿದ್ದರೆ ಬೆಲೆಗೆ ತಕ್ಕದ್ದು. ನಮ್ಮ ಭಾಗದ ಭಕ್ತಿ ಸಿಡಿಗೆ ಅದೂ ಪಿಕಾರ್ಡ್‌ನಷ್ಟೇ ಖಾಲಿ ಕೈ. ಫ್ರೀಆಕ್ ಉಚಿತ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲೂ ನಡೆಯುತ್ತದೆ, ಇಎಸಿ ಕಷ್ಟವೆನಿಸುವವರಿಗೆ ಒಳ್ಳೆಯದು. ಐಟ್ಯೂನ್ಸ್ ಗ್ರೇಸ್‌ನೋಟ್ ಭಂಡಾರವನ್ನು ನೋಡುತ್ತದೆ. ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲಿ ಯಾವ ಭಂಡಾರ ಎಂದು ಆಯ್ದುಕೊಳ್ಳುವ ಸ್ವಾತಂತ್ರ್ಯವೇ ಇಲ್ಲ, ಈ ಕೆಲಸಕ್ಕೆ ಅದನ್ನು ಬಳಸಬೇಡಿ.

ಸಿಗದ ಸಿಡಿಯನ್ನು ಸೇರಿಸುವುದು

ಪಿಕಾರ್ಡ್‌ಗೆ ಹೆಚ್ಚು ಅಂಕ ಕೊಡಲು ಕಾರಣ ಇಲ್ಲಿದೆ. ಲುಕಪ್ ಸಿಡಿ ಏನೂ ತರದಿದ್ದಾಗ ಅದೇ ಕಿಟಕಿಯಲ್ಲಿ ಕೈಯಿಂದ ಹುಡುಕುವ ಗುಂಡಿ ಇರುತ್ತದೆ. ಒತ್ತಿದರೆ ಸಿಡಿಯ ಗುರುತಿನ ಸಮೇತ ಮ್ಯೂಸಿಕ್‌ಬ್ರೇನ್ಜ್ ಪುಟ ಬ್ರೌಸರಿನಲ್ಲಿ ತೆರೆಯುತ್ತದೆ. ಉಚಿತ ಖಾತೆ ಬೇಕು. ಆಲ್ಬಮ್ ಈಗಾಗಲೇ ಇದ್ದು ನಿಮ್ಮ ಅಚ್ಚು ಬೇರೆಯಾಗಿದ್ದರೆ, ಹೆಸರಿನಿಂದ ಹುಡುಕಿ ಗುರುತನ್ನು ಅಂಟಿಸಿದರೆ ಮುಗಿಯಿತು. ಅಂಗಡಿಯ ನಕಲು ಸಿಡಿಯ ಗುರುತನ್ನು ಮಾತ್ರ ಅಂಟಿಸಬೇಡಿ, ಅದು ಕಂಪನಿಯ ಅಚ್ಚಲ್ಲ. ಆಲ್ಬಮ್ಮೇ ಇಲ್ಲದಿದ್ದರೆ ಹೊಸದಾಗಿ ಸೇರಿಸಿ. ನೋಟ್‌ಪ್ಯಾಡಿನ ಅದೇ ಪಟ್ಟಿಯನ್ನು ಅಲ್ಲಿನ ಟ್ರ್ಯಾಕ್ ಪಾರ್ಸರ್‌ಗೆ ಅಂಟಿಸಿದರೆ ಹೆಸರುಗಳು ತಾವೇ ಸಾಲಾಗುತ್ತವೆ, ಅವಧಿಯನ್ನು ಸಿಡಿಯ ಗುರುತಿನಿಂದಲೇ ತೆಗೆದುಕೊಳ್ಳುತ್ತದೆ.

ಹೆಸರನ್ನು ಕವರಿನಲ್ಲಿ ಇರುವ ಲಿಪಿಯಲ್ಲೇ ಬರೆಯಿರಿ. ಕವರ್ ಕನ್ನಡದಲ್ಲಿದ್ದರೆ ಕನ್ನಡ, ಭಾಷೆ ಮತ್ತು ಲಿಪಿ ಎರಡೂ ಜಾಗದಲ್ಲಿ ಕನ್ನಡ. ಮರಾಠಿ ಸಿಡಿಗೆ ಭಾಷೆ ಮರಾಠಿ, ಲಿಪಿ ದೇವನಾಗರಿ. ಗಾಯಕರನ್ನು ಹೊಸದಾಗಿ ಸೇರಿಸುವ ಮೊದಲು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹುಡುಕಿ. ಇದ್ದರೆ ಕನ್ನಡದ ಹೆಸರನ್ನು ಅಲಿಯಾಸ್, ಅಂದರೆ ಪರ್ಯಾಯ ಹೆಸರು, ಆಗಿ ಸೇರಿಸಿ, ಭಾಷೆ ಕನ್ನಡ ಎಂದು ಗುರುತು ಮಾಡಿ. ಪಿಕಾರ್ಡ್ ಮೇಲೆ ಹೇಳಿದ ಆಯ್ಕೆಯಲ್ಲಿ ತರುವುದು ಇದನ್ನೇ. ಹೊಸ ಸೇರ್ಪಡೆಗಳು ಬಹುತೇಕ ತಕ್ಷಣ ಒಪ್ಪಿತವಾಗುತ್ತವೆ. ಬೇರೆಯವರು ಹಾಕಿದ್ದನ್ನು ಅಳಿಸುವ, ಒಂದಾಗಿಸುವ ತಿದ್ದುಪಡಿಗಳು 7 ದಿನ ಮತಕ್ಕೆ ತೆರೆದಿರುತ್ತವೆ. ಕಾರಣ ಬರೆಯುವ ಜಾಗದಲ್ಲಿ ಕವರಿನಲ್ಲಿ ಏನಿದೆ ಎಂದು ಒಂದು ಸಾಲು ಬರೆದರೆ ಸಾಕು.

ಜಾತ್ರೆಯ ಸಿಡಿಗಳಲ್ಲಿ ಬಾರ್‌ಕೋಡ್ ಇಲ್ಲದಿದ್ದರೆ ಆ ಜಾಗವನ್ನು ಸುಮ್ಮನೆ ಖಾಲಿ ಬಿಡಬೇಡಿ. ಬಾರ್‌ಕೋಡ್ ಇಲ್ಲ ಎಂದು ಹೇಳುವ ಟಿಕ್ ಪಕ್ಕದಲ್ಲೇ ಇದೆ, ಅದನ್ನು ಹಾಕಿ. ಕಂಪನಿಯ ಹೆಸರು, ಬೆನ್ನಿನ ಅಂಚಿನಲ್ಲಿರುವ ಕ್ರಮಾಂಕ ತುಂಬಿ. ವರ್ಷ ಕವರಿನಲ್ಲಿ ಅಚ್ಚಾಗಿದ್ದರೆ ಮಾತ್ರ ಬರೆಯಿರಿ, ಕೊಂಡ ವರ್ಷವನ್ನು ಬರೆಯಬೇಡಿ. ಸೇರಿಸಿದ ಮೇಲೆ ಪಿಕಾರ್ಡ್‌ಗೆ ಮರಳಿ ಮತ್ತೊಮ್ಮೆ ಲುಕಪ್ ಸಿಡಿ ಒತ್ತಿ, ಆಲ್ಬಮ್ ಬಂದ ಕೂಡಲೇ ಫೈಲುಗಳನ್ನು ಅದರ ಮೇಲೆ ಎಳೆದು ಕಂಟ್ರೋಲ್ ಮತ್ತು ಎಸ್ ಒತ್ತಿ.